ಹುಳುಕಿನ ಮೊಳಕೆ

ಮನೆಯಲ್ಲಿ ನಾವು ಅವಳನ್ನು ಚಿಕ್ಕಮ್ಮ ಎನ್ನುತ್ತೇವೆ, ಬೀದಿಯ ಮಕ್ಕಳು ಚುಚ್ಚಮ್ಮ ಎನ್ನುತ್ತಾರೆ. ಅವಳು ಎದುರಿಗೆ ಬಂದರೆ ಸಾಕು, ತೋಳು ಮುಚ್ಚಿಕೊಂಡು ಅಮ್ಮನ ಬೆನ್ನ ಹಿಂದೆ ಅಡಗುತ್ತಾರೆ. ಹದಿನೇಳು ವರ್ಷದಿಂದ ಅವಳು ಮಕ್ಕಳ ಆಸ್ಪತ್ರೆಯ ಲಸಿಕೆ ಕೋಣೆಯ ನರ್ಸ್. ಈ ಹೆಸರಿನ ಬಗ್ಗೆ ಅವಳಿಗೆ ಬೇಜಾರಿಲ್ಲ. "ನನ್ನ ಹೆಸರು ಕೆಟ್ಟರೆ ಕೆಡಲಿ, ಅವರ ಮೈ ಕೆಡದಿದ್ರೆ ಸಾಕು" ಎನ್ನುತ್ತಾಳೆ.

ಲಸಿಕೆ ಕೋಣೆ ಕೆಳಮಹಡಿಯ ಕೊನೆಯಲ್ಲಿದೆ. ಒಂದು ಫ್ರಿಜ್, ಮಕ್ಕಳನ್ನು ಮಲಗಿಸಿ ತೂಗುವ ತಕ್ಕಡಿ, ಗೋಡೆಗೆ ಅಂಟಿಸಿದ ಎತ್ತರದ ಪಟ್ಟಿ, ಎರಡು ಸ್ಟೂಲು, ಒಂದು ಮೇಜು. ಬಾಗಿಲಾಚೆ ಉದ್ದ ಬೆಂಚು. ಮಗು ಒಳಗೆ ಬಂದರೆ ಮೊದಲು ತೂಕ, ಆಮೇಲೆ ಉದ್ದ, ತಲೆಯ ಸುತ್ತಳತೆ, ಕಣ್ಣು, ಕಿವಿ, ಕೊನೆಗೆ ಸೂಜಿ. ಪ್ರತಿಯೊಂದಕ್ಕೂ ಮಗುವಿನ ಕಾರ್ಡಿನಲ್ಲಿ ಒಂದೊಂದು ಜಾಗವಿದೆ. ಬಾಯಿಗೆ ಮಾತ್ರ ಇರಲಿಲ್ಲ. ಹದಿನೈದು ವರ್ಷ ಚಿಕ್ಕಮ್ಮ ಅದನ್ನು ಗಮನಿಸಿಯೇ ಇರಲಿಲ್ಲವಂತೆ. ಇದನ್ನು ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮೇಲಿನ ಮಹಡಿಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಜನ ಸಾಲದೆ ಅವಳನ್ನು ಎರಡು ತಿಂಗಳು ಅಲ್ಲಿಗೆ ಕಳಿಸಿದರು. ಅಲ್ಲಿ ಮಂಗಳವಾರ ಹಲ್ಲಿನ ಡಾಕ್ಟರ್ ಬರುತ್ತಿದ್ದರು. ಉಳಿಸಲಾಗದಷ್ಟು ಹುಳುಕು ಹಿಡಿದ ಹಲ್ಲುಗಳನ್ನು ಸಣ್ಣ ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಕೀಳುವ ದಿನ ಅದು. ಮಗು ನಿದ್ದೆ ಹೋಗುವವರೆಗೆ ಕೈ ಹಿಡಿದುಕೊಳ್ಳುವುದು, ಎಚ್ಚರವಾದಾಗ ಬಾಯಿಯ ರಕ್ತ ಒರೆಸುವುದು ಚಿಕ್ಕಮ್ಮನ ಕೆಲಸ. ಒಂದು ಮಂಗಳವಾರ ಮೂರೂವರೆ ವರ್ಷದ ಹುಡುಗಿಯ ಆರು ಹಲ್ಲು ತೆಗೆದರು. ಒಂದೊಂದು ಹಲ್ಲೂ ಸ್ಟೀಲಿನ ಬಟ್ಟಲಿಗೆ ಬೀಳುವಾಗ ಕಡಲೆಕಾಳು ಬಿದ್ದಷ್ಟೇ ಸದ್ದು. ಫೈಲಿನಲ್ಲಿ ಹುಡುಗಿಯ ಲಸಿಕೆ ಕಾರ್ಡೂ ಇತ್ತು. ಚಿಕ್ಕಮ್ಮ ಅದನ್ನು ತೆರೆದಾಗ ಐದು ಕಡೆ ಅವಳದೇ ಸಹಿ ಕಂಡಿತು.

"ಐದು ಸಲ ಆ ಮಗು ನನ್ನ ಕೈಗೆ ಬಂದಿತ್ತು ಕಣೆ" ಎಂದು ಅವಳು ನನ್ನಮ್ಮನಿಗೆ ಹೇಳಿದಳು. "ಐದು ಸಲವೂ ತೊಡೆ ನೋಡ್ದೆ, ತೋಳು ನೋಡ್ದೆ. ಒಂದ್ಸಲ ತುಟಿ ಎತ್ತಿ ನೋಡಿದ್ರೆ ನನ್ನ ಗಂಟು ಹೋಗ್ತಿತ್ತಾ?"

ಮರುವಾರ ಅವಳು ಹಲ್ಲಿನ ಡಾಕ್ಟರರನ್ನು ವರಾಂಡದಲ್ಲೇ ತಡೆದು, ಹುಳುಕು ಹೇಗೆ ಶುರುವಾಗುತ್ತದೆ ಎಂದು ಕೇಳಿದಳು. ಅವರು ಬೇಸರಿಸದೆ ತೋರಿಸಿಕೊಟ್ಟರು. ಮೇಲಿನ ಮುಂದಿನ ಹಲ್ಲುಗಳಲ್ಲಿ, ವಸಡಿಗೆ ತಾಗಿದ ಕಡೆ, ಮೊದಲು ಹೊಳಪಿಲ್ಲದ ಒಂದು ಬಿಳಿ ಗೆರೆ ಬರುತ್ತದೆ. ನೋವಿಲ್ಲ, ತೂತಿಲ್ಲ. ತುಟಿ ಅದನ್ನು ಮುಚ್ಚಿಕೊಂಡಿರುತ್ತದೆ.

"ಇಲ್ಲಿ ಹಿಡಿದ್ರೆ ವಾಪಸ್ ಕಳಿಸಬಹುದು ಸಿಸ್ಟರ್. ಮಲಗೋವಾಗ ಹಾಲಿನ ಬಾಟ್ಲಿ ನಿಲ್ಲಿಸ್ಬೇಕು. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಎರಡು ಹೊತ್ತು ದೊಡ್ಡೋರೇ ಉಜ್ಜಬೇಕು. ನನ್ನ ಹತ್ರ ಕಳಿಸಿದ್ರೆ ಹಲ್ಲಿಗೆ ಒಂದು ಲೇಪ ಹಚ್ತೀನಿ, ನೋಯೋದಿಲ್ಲ. ತೂತಾದ್ಮೇಲೆ ಗೊತ್ತಲ್ಲ, ಈ ಬಟ್ಟಲು."

ಲಸಿಕೆ ಕೋಣೆಗೆ ಮರಳಿದ ದಿನವೇ ಚಿಕ್ಕಮ್ಮ ದೊಡ್ಡ ಡಾಕ್ಟರರ ಕೋಣೆಗೆ ಹೋದಳು. ಆಸ್ಪತ್ರೆಯಲ್ಲಿ ಯಾವುದು ನಡೆಯಬೇಕಾದರೂ ಅವರೇ ಹೂಂ ಅನ್ನಬೇಕು. ಒಳ್ಳೆಯವರು, ಆದರೆ ಅವಸರದವರು.

"ದಿನಕ್ಕೆ ನಲವತ್ತು ಮಕ್ಕಳು ಸಿಸ್ಟರ್. ಬೆಂಚಿನ ಮೇಲೆ ಜಾಗ ಇಲ್ದೆ ಮೆಟ್ಟಲ ಮೇಲೆ ಕೂರ್ತಾರೆ. ಈಗ ಬಾಯೂ ನೋಡ್ಬೇಕು ಅಂತೀರಿ."

"ಒಂದೇ ನಿಮಿಷ ಸಾರ್."

"ನಿಮ್ಮ ನಿಮಿಷ ನನಗೆ ಗೊತ್ತು. ಅದೂ ಹಾಲು ಹಲ್ಲು. ಹೇಗೂ ಬಿದ್ದು ಹೋಗೋದು ಅಂತ ತಾಯಂದಿರೇ ಅಂತಾರೆ."

"ಕೂದಲೂ ಒಂದಿನ ಬಿದ್ದು ಹೋಗೋದೇ ಸಾರ್. ಹಾಗಂತ ಇವತ್ತೇ ಬೋಳಿಸ್ಕೊಳ್ತೀವಾ?"

ದೊಡ್ಡ ಡಾಕ್ಟರರ ತಲೆ ಬೋಳು. ಮಾತು ಬಾಯಿಂದ ಜಾರಿದ ಮೇಲೆ ಚಿಕ್ಕಮ್ಮನಿಗೆ ಅದು ನೆನಪಾಯಿತು. ಅವರು ನಿಧಾನವಾಗಿ ತಲೆ ಸವರಿಕೊಂಡರು, ಆಮೇಲೆ ಮೇಜು ಕುಟ್ಟಿ ನಕ್ಕರು. ನಗು ನಿಂತ ಮೇಲೆ ಶರತ್ತು ಹಾಕಿದರು: ಆರು ತಿಂಗಳು ನೋಡಲಿ. ಬಿಳಿ ಗೆರೆ ಕಂಡ ಮಕ್ಕಳಲ್ಲಿ ಅರ್ಧದಷ್ಟಾದರೂ ತೂತಾಗದೆ ಉಳಿದರೆ ಕಾರ್ಡಿನಲ್ಲಿ ಬಾಯಿಗೂ ಒಂದು ಜಾಗ ಮುದ್ರಿಸೋಣ, ಪ್ರತಿ ಮಗುವಿಗೂ ನೋಡೋಣ. ಉಳಿಯದಿದ್ದರೆ ಈ ಮಾತನ್ನು ಮತ್ತೆ ಎತ್ತುವಂತಿಲ್ಲ.

"ಸರಿ ಸಾರ್" ಎಂದು ಚಿಕ್ಕಮ್ಮ ಎದ್ದಳು.

ಅವಳು ನೋಡುವ ರೀತಿ ಹೀಗೆ. ಎರಡು ಸ್ಟೂಲನ್ನು ಎದುರುಬದುರು ಹಾಕಿ, ತಾಯಿಯ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ ಕೂರುತ್ತಾಳೆ. ಮಗು ತಾಯಿಯ ಮುಖ ನೋಡುತ್ತಲೇ ಹಿಂದಕ್ಕೆ ಒರಗುತ್ತದೆ. ಕಾಲು ತಾಯಿಯ ಸೊಂಟದ ಎರಡು ಕಡೆ, ತಲೆ ಚಿಕ್ಕಮ್ಮನ ಮಡಿಲಲ್ಲಿ. ಒಂದು ಬೆರಳಿನಿಂದ ಮೇಲಿನ ತುಟಿ ಎತ್ತಿ ಟಾರ್ಚ್ ಬಿಟ್ಟರೆ ಮುಗಿಯಿತು. ಮಗು ಅತ್ತರೆ ಇನ್ನೂ ಒಳ್ಳೆಯದು, ಬಾಯಿ ತಾನಾಗಿ ತೆರೆಯುತ್ತದೆ.

ಚಿಕ್ಕಪ್ಪ ಬಸ್ ಓಡಿಸುತ್ತಾನೆ. ಈ ಸುದ್ದಿ ಕೇಳಿ, "ಬಾಯಿ ಮುಚ್ಚು ಅನ್ನೋರು ಲೋಕದ ತುಂಬ ಇದ್ದಾರೆ, ಬಾಯಿ ತೆರಿ ಅನ್ನೋಳು ನೀನೊಬ್ಬಳೇ" ಎಂದ. "ನಿಮಗಲ್ಲ ಹೇಳಿದ್ದು" ಎಂದಳು ಚಿಕ್ಕಮ್ಮ.

ಮೊದಲ ಮೂರು ತಿಂಗಳಲ್ಲಿ ಮೂವತ್ತನಾಲ್ಕು ಮಕ್ಕಳ ಹಲ್ಲಿನಲ್ಲಿ ಆ ಗೆರೆ ಕಂಡಿತು. ತಾಯಂದಿರಿಗೆ ಬಾಯಲ್ಲಿ ಹೇಳುತ್ತಿದ್ದಳು. ಬಾಟಲಿಯ ಮಾತು, ಉಜ್ಜುವ ಮಾತು, ಒಂದು ತಿಂಗಳಿಗೆ ಮತ್ತೆ ಬಂದು ತೋರಿಸುವ ಮಾತು. ಕಾರ್ಡಿನ ಕೆಳಗಿನ ಖಾಲಿ ಜಾಗದಲ್ಲಿ ನೆನಪಿಗೆಂದು ಬರೆದೂ ಕೊಡುತ್ತಿದ್ದಳು. ಮೊದಮೊದಲು 'ಹಲ್ಲು: ಬಿಳಿ ಗೆರೆ' ಎಂದು ಬರೆದಳು. ಬೆಂಚಿನ ಮೇಲೆ ಜನ ಹೆಚ್ಚಾದಂತೆ ಅವಸರದಲ್ಲಿ ಗೆರೆ ಬಿಟ್ಟುಹೋಗಿ 'ಹಲ್ಲು: ಬಿಳಿ' ಎಂದಷ್ಟೇ ಉಳಿಯಿತು. ತನಗೆ ಅರ್ಥವಾಗುತ್ತದಲ್ಲ ಎಂದುಕೊಂಡಳು.

ಹೇಳಿದ ತಿಂಗಳಿಗೆ ಮರಳಿ ಬಂದವರು ತೀರಾ ಕಡಿಮೆ. ಯಾಕೆಂದು ಅವಳಿಗೆ ಹೊಳೆಯಲಿಲ್ಲ. ಮೂರನೆಯ ತಿಂಗಳ ಕೊನೆಯಲ್ಲಿ, ಗೋಡೆಗೆ ಬಣ್ಣ ಹೊಡೆಯುವ ಒಬ್ಬಾತ ಹೆಂಡತಿಯ ಜೊತೆ ಒಂದೂವರೆ ವರ್ಷದ ಮಗನನ್ನು ಎತ್ತಿಕೊಂಡು ಬಂದ. ಮಗುವನ್ನು ಅವರು ಗುಂಡು ಎಂದು ಕರೆಯುತ್ತಿದ್ದರು.

"ಮುಂದಿನ ಹಲ್ಲು ಕಂದು ಆಗಿದೆ ಸಿಸ್ಟರ್. ಬಿಸ್ಕತ್ತು ಕಚ್ಚಿದ್ರೆ ಅಳ್ತಾನೆ" ಎಂದಳು ತಾಯಿ.

ಚಿಕ್ಕಮ್ಮ ತುಟಿ ಎತ್ತಿದಳು. ನಡುವಿನ ಎರಡು ಹಲ್ಲಿಗೂ ತೂತು ಬಿದ್ದಿತ್ತು.

"ಹೋದ್ಸಲಾನೇ ಹೇಳಿದ್ನಲ್ಲಮ್ಮ, ಮಲಗೋವಾಗ ಬಾಟ್ಲಿ ಬೇಡ ಅಂತ."

"ಇವನ ಅಳುವಿನಲ್ಲಿ ನೀವು ಹೇಳಿದ್ದು ನನಗೆ ಏನು ಕೇಳಿಸ್ತು ಹೇಳಿ? ಮನೆಗೆ ಹೋಗಿ ಕಾರ್ಡ್ ತೆಗೆದು ಓದಿದೆ." ಅವಳು ಕಾರ್ಡನ್ನು ಮೇಜಿನ ಮೇಲೆ ಇಟ್ಟಳು. "ಹಲ್ಲು ಬಿಳಿ ಅಂತ ನೀವೇ ಬರೆದಿದ್ದೀರಿ. ನೋಡಿ. ನಮ್ಮತ್ತೆಗೂ ಓದಿ ಹೇಳಿದೆ. ಅವರು, ನನ್ನ ಮೊಮ್ಮಗನ ಹಲ್ಲು ಮಲ್ಲಿಗೆ ಮೊಗ್ಗು, ಡಾಕ್ಟ್ರೇ ಬರೆದುಕೊಟ್ಟಿದ್ದಾರೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರು. ಹಾಲು ಹಲ್ಲಿಗೆ ಹಾಲೇ ಶಕ್ತಿ ಅಂತ ರಾತ್ರಿ ಇನ್ನೊಂದು ಬಾಟ್ಲಿ ಜಾಸ್ತಿ ಮಾಡಿದ್ವಿ."

ಚಿಕ್ಕಮ್ಮ ಆ ಕಾರ್ಡನ್ನು ಕೈಗೆತ್ತಿಕೊಂಡು ನೋಡಿದಳು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಯಾರು ಓದಿದರೂ ತಪ್ಪಾಗುವಂತಿಲ್ಲ. ಹಲ್ಲು: ಬಿಳಿ.

"ತಪ್ಪು ನಂದೇ ಅಮ್ಮ" ಎಂದಳು.

ತಾಯಿ ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಈ ಮಾತು ಕೇಳಿ ಮಗುವಿನ ಅಂಗಿ ಸರಿಮಾಡಿದಳು. ಬಣ್ಣದವನು ಕಾರ್ಡಿನ ಕಡೆಗೆ ಬಾಗಿದ.

"ಬಿಳಿಯಲ್ಲೂ ಎರಡು ಜಾತಿ ಸಿಸ್ಟರ್. ಹೊಸ ಗೋಡೆ ಹೊಳೆಯೋ ಬಿಳಿ ಬೇರೆ. ಒಳಗೆ ತೇವ ಸೇರಿ ಬಣ್ಣ ಏಳೋಕೆ ಮುಂಚೆ ಪುಡಿಪುಡಿಯಾಗಿ ಒಂದು ಬಿಳಿ ಬರುತ್ತೆ, ಅದು ಬೇರೆ. ಅದನ್ನ ಕಂಡ್ರೆ ನಾವು ಆ ಗೋಡೆ ಬಿಟ್ಟು ಮುಂದಕ್ಕೆ ಹೋಗೋದೇ ಇಲ್ಲ. ನೀವು ಆ ಬಿಳಿ ಅಂದಿದ್ರೆ ಕೆಲಸ ಬಿಟ್ಟು ಓಡಿ ಬರ್ತಿದ್ದೆ."

ಗುಂಡುವನ್ನು ಹಲ್ಲಿನ ಡಾಕ್ಟರರ ಬಳಿಗೆ ಚಿಕ್ಕಮ್ಮನೇ ಕರೆದುಕೊಂಡು ಹೋದಳು. ಎರಡು ತೂತು ತುಂಬಿದರು, ಪಕ್ಕದ ಎರಡು ಹಲ್ಲಿಗೆ ಲೇಪ ಹಚ್ಚಿದರು. ಕೀಳುವ ಗತಿ ಬರಲಿಲ್ಲ.

ಕೆಳಗೆ ಬಂದು ಅವಳು ತನ್ನ ನೋಟುಪುಸ್ತಕ ತೆರೆದಳು. ಗೆರೆ ಕಂಡ ಮೂವತ್ತನಾಲ್ಕು ಮಕ್ಕಳು. ಹಾಗಾದರೆ ಮೂವತ್ತನಾಲ್ಕು ಮನೆಯ ಬೀರುವಿನಲ್ಲಿ, ಗೆರೆ ಸೇರಿಯೋ ಸೇರದೆಯೋ, ಅವಳದೇ ಅಕ್ಷರದಲ್ಲಿ ಬಿಳಿ ಎಂಬ ಮಾತು ಕೂತಿದೆ. ಫೋನಿಗೆ ಸಿಕ್ಕವರಿಗೆ ಫೋನ್ ಮಾಡಿದಳು. ಸಿಗದವರ ವಿಳಾಸ ಹಿಡಿದು, ಕೆಲಸ ಮುಗಿದ ಮೇಲೆ, ಎರಡು ವಾರ ನಡೆದಳು. ಕೆಲವರು ಮನೆ ಬದಲಿಸಿದ್ದರು. ಸಿಕ್ಕವರ ಮುಂದೆ ಬಾಗಿಲಲ್ಲೇ ನಿಂತು, "ನಾನು ಕಾರ್ಡಿನಲ್ಲಿ ತಪ್ಪಾಗಿ ಬರೆದಿದ್ದೀನಿ, ತಿದ್ದೋಕೆ ಬಂದೆ" ಎನ್ನುತ್ತಿದ್ದಳು. ಒಂದು ಮನೆಯ ಅಜ್ಜ ಕನ್ನಡಕ ಏರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಮದುವೆ ಪತ್ರಿಕೇಲಿ ನನ್ನ ಹೆಸರೇ ತಪ್ಪಾಗಿ ಹಾಕಿದೋನು ಐವತ್ತು ವರ್ಷ ಆದ್ರೂ ಇನ್ನೂ ಬಂದಿಲ್ಲ. ನೀನು ಬಂದ್ಯಲ್ಲ ತಾಯಿ, ಒಳಗೆ ಬಾ" ಎಂದರಂತೆ. ಎಲ್ಲರೂ ಹಾಗಿರಲಿಲ್ಲ. ಒಬ್ಬ ತಾಯಿ ಮಗುವಿನ ಬಾಯಿ ಮುಟ್ಟಲೂ ಬಿಡದೆ, "ನಿಮ್ಮ ಮಾತು ಕೇಳಿದ್ದು ಸಾಕು" ಎಂದು ಬಾಗಿಲು ಹಾಕಿಕೊಂಡಳು. ಚಿಕ್ಕಮ್ಮ ಆ ಮನೆಗೆ ಇನ್ನೊಮ್ಮೆ ಹೋದಳು. ಆಗಲೂ ಬಾಗಿಲು ತೆರೆಯಲಿಲ್ಲ.

ಇನ್ನು ಏನು ಬರೆಯಬೇಕು ಎಂಬುದು ಪ್ರಶ್ನೆ. ಬರೆದದ್ದನ್ನು ಮೊದಲು ಬೆಂಚಿನ ಮೇಲಿರುವವರಿಗೆ ಓದಿಸಿ ನೋಡದೆ ಕಾರ್ಡಿಗೆ ಹಾಕುವುದಿಲ್ಲ ಎಂದು ಅವಳು ನಿಶ್ಚಯಿಸಿದಳು. ಒಂದು ಚೀಟಿಯಲ್ಲಿ 'ಹಲ್ಲು ಮಂಕು' ಎಂದು ಬರೆದು ತೋರಿಸಿದಳು. ಓದಿದ ತಾಯಿಯ ಕಣ್ಣಲ್ಲಿ ನೀರು ತುಂಬಿತು. "ನನ್ನ ಮಗು ಮಂಕಾ ಸಿಸ್ಟರ್? ಮನೇಲಿ ಚೂಟಿಯಾಗೇ ಇದ್ದಾನಲ್ಲ!" ಅವಳನ್ನು ಸಮಾಧಾನ ಮಾಡುವುದರಲ್ಲಿ ಕಾಲು ಗಂಟೆ ಹೋಯಿತು. ಮರುದಿನ 'ಸುಣ್ಣದ ಗೆರೆ' ಎಂದು ಬರೆದಳು. "ಒಳ್ಳೇದೇ ಆಯ್ತು ಬಿಡಿ, ಹಲ್ಲಿಗೆ ಸುಣ್ಣದಂಶ ಬೇಕು ಅಂತಾರಲ್ಲ" ಎಂದರು ಇಬ್ಬರು. 'ಹುಳುಕು' ಎಂದೇ ಬರೆದರೆ, "ಎಲ್ಲಿ? ತೂತೇ ಇಲ್ವಲ್ಲ?" ಎಂದು ಟಾರ್ಚ್ ಕಿತ್ತುಕೊಂಡು ತಾವೇ ನೋಡಿ, ಸುಳ್ಳು ಎಂದು ಹೋಗುತ್ತಿದ್ದರು.

ಆ ವಾರ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಚಿಕ್ಕಮ್ಮ ಅಜ್ಜಿಯ ಕೈಯಿಂದಲೇ ಮಗುವಿನ ತುಟಿ ಎತ್ತಿಸಿ ಗೆರೆ ತೋರಿಸಿದಳು. ಈಗ ತೂತಿಲ್ಲ, ಬಿಟ್ಟರೆ ಆಗುತ್ತದೆ ಎಂದು ವಿವರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದಳು.

"ಓ, ಹುಳುಕಿನ ಮೊಳಕೆ ಅನ್ನು."

"ಏನಂದ್ರಿ ಅಜ್ಜಿ?"

"ಮೊಳಕೆ ಕಣಮ್ಮ. ಯಾವುದು ತಾನೇ ಹುಟ್ತಾನೇ ಮರ ಆಗುತ್ತೆ? ಈಗ ಆದ್ರೆ ಉಗುರಲ್ಲಿ ಚಿವುಟಬಹುದು. ಬಿಟ್ರೆ ಆಮೇಲೆ ಕೊಡಲಿ ಹುಡುಕಬೇಕು. ಇಷ್ಟು ಹೇಳೋಕೆ ಅಷ್ಟುದ್ದ ಮಾತಾಡಿದ್ಯಾ?"

ಚಿಕ್ಕಮ್ಮ ಅದೇ ಮಾತನ್ನು ಚೀಟಿಯಲ್ಲಿ ಬರೆದು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಓದಿಸಿದಳು. ಒಂಬತ್ತು ಜನ ಓದಿದರು. ಒಂಬತ್ತು ಜನವೂ ಕೇಳಿದ್ದು ಒಂದೇ: "ಇದನ್ನ ಹೇಗೆ ಚಿವುಟೋದು ಸಿಸ್ಟರ್?"

ಅಂದಿನಿಂದ ಕಾರ್ಡಿನಲ್ಲಿ ಹೀಗೆ ಬರೆಯತೊಡಗಿದಳು: 'ಹುಳುಕಿನ ಮೊಳಕೆ ಇದೆ. ಮಲಗುವಾಗ ಬಾಟಲಿ ಬೇಡ. ಎರಡು ಹೊತ್ತು ನೀವೇ ಉಜ್ಜಿ. ಒಂದು ತಿಂಗಳಿಗೆ ತೋರಿಸಿ.' ಎಷ್ಟೇ ಜನ ಕಾದಿರಲಿ, ಒಂದು ಅಕ್ಷರವನ್ನೂ ಬಿಡಲಿಲ್ಲ. ಬರೆದ ಮೇಲೆ ತಾಯಿಯಿಂದಲೋ ತಂದೆಯಿಂದಲೋ ಗಟ್ಟಿಯಾಗಿ ಓದಿಸುತ್ತಿದ್ದಳು. ಓದು ಬಾರದವರಿಗೆ ತಾನು ಓದಿ ಹೇಳಿ, ಅವರಿಂದ ಮತ್ತೆ ಹೇಳಿಸುತ್ತಿದ್ದಳು. ಮಗು ಅಳುತ್ತಿದ್ದರೆ ಅಳು ನಿಲ್ಲುವವರೆಗೆ ಕಾಯುತ್ತಿದ್ದಳು.

ಒಂದು ದಿನ ದೊಡ್ಡ ಡಾಕ್ಟರರ ಕಣ್ಣಿಗೆ ಆ ಕಾರ್ಡು ಬಿತ್ತು.

"ಇದ್ಯಾವ ಕಾಯಿಲೆ ಸಿಸ್ಟರ್? ನಾನು ಯಾವ ಪುಸ್ತಕದಲ್ಲೂ ಓದಿಲ್ವಲ್ಲ."

"ಪುಸ್ತಕದಲ್ಲಿ ಇಲ್ಲ ಸಾರ್. ಬೆಂಚಿನ ಮೇಲೆ ಸಿಕ್ತು."

"ಬೇರೆ ಆಸ್ಪತ್ರೆಯವರು ನೋಡಿದ್ರೆ ನಗ್ತಾರೆ."

"ನಗಲಿ ಸಾರ್. ಮಗು ಬಂದ್ರೆ ಆಯ್ತು."

ಆರು ತಿಂಗಳು ಮುಗಿಯಿತು. ಲೆಕ್ಕ ಕೊಡುವ ಹಿಂದಿನ ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದು, ಊಟದ ಮೇಜಿನ ಮೇಲೆ ನೋಟುಪುಸ್ತಕ ಹರಡಿ ಕೂತಳು. ಒಟ್ಟು ಗೆರೆ ಕಂಡ ಮಕ್ಕಳು ಅರವತ್ತೆರಡು. ಅದರ ಅರ್ಧ ಮೂವತ್ತೊಂದು. ಮತ್ತೆ ಬಂದು ತೋರಿಸಿ, ತೂತಾಗಿಲ್ಲ ಎಂದು ಖಾತ್ರಿಯಾದವರು ಮೂವತ್ತು. ಅವಳು ಮೂರು ಸಲ ಎಣಿಸಿದಳು. ಮೂವತ್ತೇ.

"ಒಂದು ಮಗು ತಾನೇ? ಬರದೇ ಇರೋರಲ್ಲಿ ಯಾರಿಗೋ ಒಬ್ಬರಿಗೆ ಚೆನ್ನಾಗೇ ಇರುತ್ತೆ. ಸೇರಿಸಿಬಿಡು" ಎಂದಳು ನನ್ನಮ್ಮ.

"ತುಟಿ ಎತ್ತದೆ ಹೇಗೆ ಬರೀಲಿ ಅಕ್ಕ?"

"ಹಾಗಾದ್ರೆ ಆ ಮೊದಲ ಮೂರು ತಿಂಗಳು ಬಿಟ್ಟುಬಿಡು. ಕಲಿಯೋ ಕಾಲ ಅಂತ ಹೇಳು."

"ಆ ಮಕ್ಕಳಿಗೆ ಅದು ಕಲಿಯೋ ಕಾಲ ಆಗಿರಲಿಲ್ಲ." ಅವಳು ಪುಸ್ತಕ ಮುಚ್ಚಿದಳು. "ಒಂದ್ಸಲ ಅರ್ಧ ಬರೆದು ಪಟ್ಟ ಪಾಡು ಸಾಕು. ಇದನ್ನ ಪೂರ್ತಿ ಬರೀತೀನಿ. ಅವರು ಬೇಡ ಅಂದ್ರೆ, ಮತ್ತೆ ಎತ್ತಬಾರದು ಅಂದಿದ್ದನ್ನೂ ಮತ್ತೆ ಎತ್ತುತೀನಿ."

ಮರುದಿನ ಅವಳು ಪುಟವನ್ನು ದೊಡ್ಡ ಡಾಕ್ಟರರ ಮುಂದೆ ಇಟ್ಟಳು. ಅವರು ಕೆಳಗಿನ ಮೊತ್ತ ನೋಡಿದರು.

"ಮೂವತ್ತು. ಒಂದು ಕಡಿಮೆ ಆಯ್ತಲ್ಲ ಸಿಸ್ಟರ್."

"ಹೌದು ಸಾರ್."

ಅವರು ಪುಟವನ್ನು ಹಿಂದಿರುಗಿಸಲು ಹೋದವರು ಮತ್ತೆ ಹತ್ತಿರ ಎಳೆದುಕೊಂಡರು. ಪೆನ್ಸಿಲ್ ತೆಗೆದು ಮೂರನೆಯ ತಿಂಗಳು ಮುಗಿಯುವಲ್ಲಿ ಒಂದು ಗೆರೆ ಹಾಕಿದರು. ಗೆರೆಯ ಮೇಲೆ ಮೂವತ್ತನಾಲ್ಕು ಮಕ್ಕಳು, ಹನ್ನೊಂದು ಮಕ್ಕಳಿಗೆ ತೂತು, ತೂತಾಗದೆ ಉಳಿದವರು ಹನ್ನೆರಡೇ, ಮಿಕ್ಕವರು ಮತ್ತೆ ಬಂದಿಲ್ಲ. ಗೆರೆಯ ಕೆಳಗೆ ಇಪ್ಪತ್ತೆಂಟು ಮಕ್ಕಳು, ಇಬ್ಬರಿಗೆ ಮಾತ್ರ ತೂತು, ತೂತಾಗದೆ ಉಳಿದವರು ಹದಿನೆಂಟು, ಬಾರದವರು ಎಂಟು.

"ಇಲ್ಲಿ ಏನಾಯ್ತು?" ಎಂದು ಗೆರೆಯ ಮೇಲೆ ಪೆನ್ಸಿಲ್ ಇಟ್ಟರು.

ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು. ಬಿಳಿ ಎಂದು ಬರೆದದ್ದು, ಗುಂಡುವಿನ ತಾಯಿ ಕಾರ್ಡು ಇಟ್ಟದ್ದು, ಮನೆಮನೆಗೆ ಹೋದದ್ದು, ತೆರೆಯದ ಬಾಗಿಲು. ಹೇಳುವಾಗ ನೆಲ ನೋಡಲಿಲ್ಲ. ದೊಡ್ಡ ಡಾಕ್ಟರ್ ಪೆನ್ಸಿಲಿನಿಂದ ಗೆರೆಯ ಮೇಲಿನ ಭಾಗ ತೋರಿಸಿದರು.

"ಈ ಮೇಲಿನದ್ದನ್ನ ಬಿಟ್ಟು ತಂದಿದ್ರೆ ನೀವು ಗೆದ್ದಿರ್ತಿದ್ರಿ. ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಹೂಂ." ಅವರು ಗಂಟೆ ಒತ್ತಿ ಗುಮಾಸ್ತರನ್ನು ಕರೆದರು. ಮುಂದಿನ ಸಲ ಕಾರ್ಡು ಮುದ್ರಣಕ್ಕೆ ಹೋಗುವಾಗ ಕಿವಿಯ ಕೆಳಗೆ ಬಾಯಿಗೊಂದು ಸಾಲು ಸೇರಿಸಿ ಎಂದರು. ಆ ಸಾಲಿನಲ್ಲಿ ಏನು ಹಾಕಬೇಕು ಎಂದು ಗುಮಾಸ್ತರು ಕೇಳಿದಾಗ, ದೊಡ್ಡ ಡಾಕ್ಟರ್ ಒಂದು ಕ್ಷಣ ಹಿಂಜರಿದು, "ಸಿಸ್ಟರ್ ಬರೆಯೋದನ್ನೇ ಹಾಕಿ. ಹುಳುಕಿನ ಮೊಳಕೆ: ಇದೆ, ಇಲ್ಲ. ನಗೋರು ನಗಲಿ" ಎಂದರು.

ಚಿಕ್ಕಮ್ಮ ಎದ್ದು ಹೋಗಲಿಲ್ಲ.

"ಇನ್ನೇನು ಸಿಸ್ಟರ್?"

"ಒಂದೂವರೆ ವರ್ಷದ ಸೂಜಿ ಆದ್ಮೇಲೆ ಮಕ್ಕಳು ನಮ್ಮ ಕಡೆ ಬರೋದು ಐದಕ್ಕೆ ಸಾರ್. ಹಲ್ಲು ಹಾಳಾಗೋದೆಲ್ಲ ಆ ನಡುವೇನೇ. ಎರಡಕ್ಕೆ ಒಂದ್ಸಲ, ಎರಡೂವರೆಗೆ ಒಂದ್ಸಲ ಕರೀಬೇಕು."

"ಸೂಜಿ ಇಲ್ದೆ ಯಾರು ಬರ್ತಾರೆ?"

"ಸೂಜಿ ಇಲ್ಲ ಅಂತಾನೇ ಬರ್ತಾರೆ ಸಾರ್. ಗುರುವಾರ ಮಧ್ಯಾಹ್ನ ಕೊಡಿ. ಆ ಹೊತ್ತಿಗೆ ಬೆಂಚು ಖಾಲಿ."

ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ತಗೊಳ್ಳಿ" ಎಂದರು.

ಮೊದಲ ಗುರುವಾರಕ್ಕೆ ಎರಡು, ಎರಡೂವರೆ ವರ್ಷದ ಹತ್ತೊಂಬತ್ತು ಮಕ್ಕಳನ್ನು ಕರೆದಿದ್ದಳು. ಬಂದದ್ದು ಏಳು. ಏಳೂ ಮಕ್ಕಳು ಅವಳನ್ನು ಕಂಡ ಕೂಡಲೇ ತೋಳು ಮುಚ್ಚಿಕೊಂಡು ಕಿರುಚಿದವು, ಏಳು ಬಾಯಿಗಳೂ ಚೆನ್ನಾಗಿ ಕಂಡವು. ಎರಡರಲ್ಲಿ ಮೊಳಕೆ ಇತ್ತು. ಬರೆದಳು, ಓದಿಸಿದಳು, ಹಲ್ಲಿನ ಡಾಕ್ಟರರ ಬಳಿಗೆ ಕಳಿಸಿದಳು. ಆಮೇಲೆ ಖಾಲಿ ಬೆಂಚಿನ ಮೇಲೆ ಕೂತು, ಬಾರದ ಹನ್ನೆರಡು ಮಕ್ಕಳ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಫೋನ್ ಮಾಡತೊಡಗಿದಳು.

"ನಮಸ್ಕಾರ, ಲಸಿಕೆ ಕೋಣೆಯಿಂದ ಮಾತಾಡ್ತಿದ್ದೀನಿ... ಇಲ್ಲಮ್ಮ, ಜ್ವರ ಬರಲ್ಲ, ಚುಚ್ಚೋದೇ ಇಲ್ಲ... ಬಾಯಿ ನೋಡೋಕೆ. ಹೌದು, ಬಾಯಿ... ಮುಂದಿನ ಗುರುವಾರ ಎರಡು ಗಂಟೆಗೆ. ಎಲ್ಲಿ, ಈಗ ನಾನು ಹೇಳಿದ್ದನ್ನ ಒಂದ್ಸಲ ವಾಪಸ್ ಹೇಳಿ ನೋಡೋಣ?"